ರಾಜದಂಡದಲ್ಲಿ ರಾಯರ ಊಟ

"ತುಂಗಾ, ಊಟ ಅಂದ್ರ ಏನು ಅಂತ ಈ ರವಿವಾರ ನಿನಗ ತೋರಸ್ತೀನಿ!"

ನಾಗಪುರದ ಮಹಾಲ್ ಗಲ್ಲಿಯ ಹಳೆಯ ವಾಡೆಯೊಂದರಲ್ಲಿ, ತಾಟಿನ ಮುಂದೆ ಕುಳಿತು ಲಕ್ಷ್ಮೀಕಾಂತರಾಯರು ಹೀಗೆ ಘೋಷಿಸಿದರು. ರಾಯರು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟು. ಹಗಲೆಲ್ಲ ಗುಮಾಸ್ತರ ತಪ್ಪು ಹುಡುಕುವುದು ಅವರ ನೌಕರಿ; ಮನೆಗೆ ಬಂದ ಮೇಲೆ ಹೆಂಡತಿಯ ಅಡಿಗೆಯಲ್ಲಿ ತಪ್ಪು ಹುಡುಕುವುದು ಓವರ್‌ಟೈಮು. ಅದಕ್ಕೆ ಭತ್ಯೆ ಇರಲಿಲ್ಲ, ಆದರೂ ಒಂದು ದಿನ ತಪ್ಪಿಸಿದವರಲ್ಲ! ಸಾರು ಸಪ್ಪಗೆ, ರೊಟ್ಟಿ ದಪ್ಪಗೆ, ಹೋಳಿಗೆ ಕಪ್ಪಗೆ. ಹೀಗೆ ಹೆಸರಿಡುವುದು, ಅಂದರೆ ಕೊಂಕು ತೆಗೆಯುವುದು, ಅವರಿಗೆ ಬರೀ ಬಾಯಿಂದ ಬರುತ್ತಿರಲಿಲ್ಲ; ಎರಡೂ ಕೈ ಗಾಳಿಯಲ್ಲಿ ಆಡಬೇಕು. ಅಷ್ಟರಲ್ಲಿ ಅನ್ನ ಆರಿಹೋಗುತ್ತಿತ್ತು, ಆಗ "ಅನ್ನ ಆರೇದ" ಅಂತ ಮತ್ತೊಂದು ತಕರಾರು.

ತುಂಗಾಬಾಯಿಗೆ ಇದನ್ನು ಕೇಳಿ ಕೇಳಿ ಮನಸ್ಸು ರೋಸಿಹೋಗಿತ್ತು. ತಾನು ಬಡಿದ ರೊಟ್ಟಿಗೆ ಒಂದು ದಿನವಾದರೂ ಈ ಮನುಷ್ಯನ ಬಾಯಿಂದ "ಛಲೋ ಆಗೇದ" ಅನ್ನಿಸಿಕೊಳ್ಳಬೇಕೆಂಬುದು ಆಕೆಗಿದ್ದ ಒಂದೇ ಆಸೆ.

"ಎಲ್ಲಿ ತೋರಸ್ತೀರಿ?" ಎಂದಳು.

"ಸಿವಿಲ್ ಲೈನ್ಸ್‌ನ್ಯಾಗ, ಹೋಟೆಲ್ ರಾಜದಂಡ! ಅಲ್ಲಿ ಉಂಡ ಮ್ಯಾಲೆ ನೀನ 'ನಂದು ಅಡಿಗೀನ ಅಲ್ಲ' ಅಂತೀ. ಹಂಗ ಅನಲಿಲ್ಲ ಅಂದ್ರ, ಜನ್ಮದಾಗ ನಿನ್ನ ಅಡಿಗಿಗೆ ಹೆಸರಿಡೂದಿಲ್ಲ. ಆತಿಲ್ಲೋ?"

"ಹೆಸರಿನ್ಯಾಗ ದಂಡ ಅದ, ನೋಡ್ಕೊಳ್ರಿ. ಆದ್ರ ಮಾತು ಮಾತಽ!"

ಪಂಥ ಕಟ್ಟಿದ ಮೇಲೆ ರಾಯರಿಗೆ ದಿಗಿಲಾಯಿತು. ಅವರು ಮುಳ್ಳುಚಮಚ ಹಿಡಿದವರೇ ಅಲ್ಲ! ಓಡಿದರು ವಾಯುಸೇನೆಯಲ್ಲಿದ್ದ ಕೊಡಗಿನ ಗೆಳೆಯ ಬೋಪಣ್ಣನ ಬಳಿಗೆ. ಬೋಪಣ್ಣ ಬಲಗೈಲಿ ಚಾಕು, ಎಡಗೈಲಿ ಮುಳ್ಳುಚಮಚ ಹಿಡಿಯುವುದನ್ನು ತೋರಿಸಿ, "ಕಡೆಗೆ ಎರಡನ್ನೂ ತಟ್ಟೆಯ ಮೇಲೆ ಜೋಡಿಸಿ ಇಡಬೇಕು ರಾಯ್ರೇ, ಅದೇ ಜಂಟಲ್‌ಮನ್ ಗುರುತು" ಎಂದ. ರಾಯರಿಗೆ ಜಂಟಲ್‌ಮನ್ ಕೇಳಿಸಿತು, 'ಕಡೆಗೆ' ಕೇಳಿಸಲಿಲ್ಲ. ಅಲ್ಲದೆ ಇದು ಅವರ ಮನೆಯ ಆಚಾರಕ್ಕೂ ಬರೋಬರ್ ಹೊಂದಿತು. ಎಂಜಲು ಚಮಚ ಕೆಳಗಿಟ್ಟರೆ ಮುಸುರೆಯಾಗುತ್ತದೆ, ತಾಟಿನಲ್ಲೇ ಇಡಬೇಕು ಎಂದು ಅವರ ತಾಯಿ ಬಾಲ್ಯದಲ್ಲೇ ಗದರಿಸಿ ಕಲಿಸಿದ್ದರು. "ಸಾಹೇಬರಿಗೂ ಮಡಿ-ಮುಸುರಿ ಅದ, ನೋಡು!" ಎಂದು ರಾಯರು ಹಿಗ್ಗಿದರು.

ರವಿವಾರ ಮಧ್ಯಾಹ್ನ. ಹೊರಗೆ ನಾಗಪುರದ ಬಿಸಿಲು ತಲೆ ಸುಡುತ್ತಿದ್ದರೆ, ರಾಜದಂಡದ ಒಳಗೆ ಕಗ್ಗತ್ತಲು, ಮೇಜಿಗೊಂದು ಮೇಣದಬತ್ತಿ.

"ಪಾಪ, ಲೈಟ್ ಹೋಗ್ಯಾವೇನ್ರಿ?"

"ಶ್! ಇದಕ್ಕ ವಾತಾವರಣ ಅಂತಾರ."

ಮೊದಲು ಸೂಪು ಬಂತು. ರಾಯರು ಮೂಗಿನಿಂದಲೇ ಪರೀಕ್ಷಿಸಿದರು. ಟೊಮೆಟೊ ಸಾರು. ಸಾರು ಬಂದ ಮೇಲೆ ಅನ್ನ ಬರಲೇಬೇಕಲ್ಲ? ಘನತೆಯಿಂದ ಕಾದರು. ತುಂಗಾಬಾಯಿ ಕಾಯಲಿಲ್ಲ, ಬಿಸಿಬಿಸಿಯಾಗಿ ಕುಡಿದು ಮುಗಿಸಿದಳು. ಅನ್ನ ಬರಲಿಲ್ಲ, ವೇಟರ್ ಬಂದ. ಬಿಳಿ ಕೈಗವಸು, ಬಗ್ಗಿದ ಸೊಂಟ, ಮೆತ್ತನೆಯ ದನಿ: "ಮೇ ಐ, ಸರ್?"

ರಾಯರಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಅರ್ಥವಾಗಲಿಲ್ಲವೆಂದು ತೋರಿಸಿಕೊಳ್ಳುವ ಕುಲದವರೇ ಅವರು? "ಯಸ್, ಪ್ಲೀಸ್!" ಎಂದರು. ಸೂಪು ಹೋಯಿತು.

ಆಮೇಲೆ ಕಟ್ಲೆಟ್ಟು ಬಂತು. ರಾಯರು ಚಾಕುವಿನಿಂದ ಅದರ ಮೂಲೆ ಕೊಯ್ದು ಚೂರು ಬಾಯಿಗಿಟ್ಟರು. ಉಪ್ಪಿಲ್ಲ, ಖಾರವಿಲ್ಲ! ಬಟಾಟೆ ಉಪವಾಸ ಹಿಡಿದಂತಿತ್ತು. ಆದರೆ ಪಂಥವಿದೆಯಲ್ಲ!

"ನೋಡು ತುಂಗಾ, ಇದಕ್ಕ ನಾಜೂಕು ಅಂತಾರ. ನಿನ್ನ ಪಲ್ಯಾದಂಗ ನಾಲಿಗಿಗೆ ಬಡದು ಹೇಳೂದಿಲ್ಲ…" ಉಪನ್ಯಾಸಕ್ಕೆ ಕೈ ಬೇಕಾದವು. ಚಾಕು, ಮುಳ್ಳುಚಮಚ ಎರಡನ್ನೂ ಮುಸುರೆಯಾಗದಂತೆ ತಟ್ಟೆಯ ಮೇಲೆ ಅಚ್ಚುಕಟ್ಟಾಗಿ ಜೋಡಿಸಿಟ್ಟು, ಎರಡೂ ಕೈ ಎತ್ತಿದರು.

"ಮೇ ಐ, ಸರ್?"

"ಯಸ್, ಯಸ್!" ಕೈ ಇಳಿಸಿ ನೋಡುತ್ತಾರೆ, ತಟ್ಟೆಯೇ ಇಲ್ಲ!

"ಏನಂತಾನ್ರಿ ಅವಾ?" ತುಂಗಾಬಾಯಿ ಪಿಸುಗುಟ್ಟಿದಳು. "ಮೇಯಿ ಅಂತಾನೇನು? ನಾವೇನು ದನಾನ? ಅದೂ ಮೇಯಿ ಅಂತ ಹೇಳಿ ಮುಂದಿನ ತಾಟು ಕಸಗೊಂಡು ಹೋಗ್ತಾನ!"

ಆಕೆಯ ತಟ್ಟೆಗೆ ಮಾತ್ರ ಯಾರೂ ಕೈ ಹಚ್ಚಲಿಲ್ಲ. ಆಕೆ ಚಾಕು ಮುಟ್ಟಿದ್ದರೆ ತಾನೇ? ಕಟ್ಲೆಟ್ಟನ್ನು ಕೈಯಿಂದ ಮುರಿದು, ಪರ್ಸಿನಲ್ಲಿ ತಂದಿದ್ದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು, ಕೊನೆಯ ಚೂರಿನವರೆಗೂ ತಿಂದಳು.

ಮೂರನೆಯದಾಗಿ ಬಂತು, ಕೆನೆ ಹೊದ್ದುಕೊಂಡ ತರಕಾರಿ. ಹೆಸರು ಫ್ರೆಂಚಿನಲ್ಲಿತ್ತು, ರುಚಿ ಯಾವ ಭಾಷೆಯಲ್ಲೂ ಇರಲಿಲ್ಲ. ಆದರೂ ರಾಯರ ಹೊಟ್ಟೆ ತಾಳ ಹಾಕುತ್ತಿತ್ತು. ಒಂದು ತುತ್ತು ನುಂಗಿದರು. ಸುಮ್ಮನೆ ಎರಡನೆಯದನ್ನು ನುಂಗಬಹುದಿತ್ತು. ಆದರೆ ಎದುರಿಗೆ ಹೆಂಡತಿ ನಗುತ್ತಿದ್ದಾಳೆ!

"ನಗಬ್ಯಾಡ! ನೀ ಬದನಿಕಾಯಿ ಮಾಡ್ತೀಯಲ್ಲಾ, ಅದರಾಗ…" ಚಾಕು-ಚಮಚ ಜೋಡಿಯಾದವು. ಕೈ ಮೇಲೇರಿದವು.

"ಮೇ ಐ, ಸರ್?"

ಈ ಸಲ ರಾಯರು "ಯಸ್" ಅನ್ನಲಿಲ್ಲ, ಆದರೆ ಬಾಯಿ ತೆರೆಯುವಷ್ಟರಲ್ಲಿ ತಟ್ಟೆ ಅಡಿಗೆಮನೆಯ ಬಾಗಿಲು ದಾಟಿತ್ತು. ಕೊನೆಗೆ ಬಿಲ್ಲಿನ ಜೊತೆ, ಊಟದ ಮೇಲೆ ಅಗಿಯುವ ಬಡೇಸೋಪಿನ ಬಟ್ಟಲು ಬಂತು. ಅದಕ್ಕೆ ಚಾಕು ಬೇಕಿಲ್ಲ, ಮುಳ್ಳು ಬೇಕಿಲ್ಲ. ರಾಯರು ಬಟ್ಟಲನ್ನು ಎದೆಗವಚಿಕೊಂಡು ತಳ ಕಾಣುವವರೆಗೆ ಮುಕ್ಕಿದರು. ಅಷ್ಟು ದೊಡ್ಡ ಹೋಟೆಲಿನಲ್ಲಿ ಅವರ ಹೊಟ್ಟೆಗೆ ಪೂರ್ತಿಯಾಗಿ ಬಿದ್ದದ್ದು ಅದೊಂದೇ!

ಮನೆಗೆ ಬಂದವರೇ, "ತುಂಗಾ… ಮುಂಜಾನಿ ರೊಟ್ಟಿ ಏನರೆ ಉಳದಾವೇನು?"

ರೊಟ್ಟಿ ಇದ್ದವು, ಬದನೆಕಾಯಿ ಪಲ್ಯವಿತ್ತು. ರಾಯರು ಎಡಗೈಯಿಂದ ತಾಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು, ತಲೆ ಎತ್ತದೆ ತಿನ್ನತೊಡಗಿದರು.

"ಬಿಡ್ರಿ ತಾಟು," ಎಂದಳು ತುಂಗಾಬಾಯಿ, "ಇಲ್ಲೆ ಯಾರೂ ಕಸಗೊಳ್ಳೂದಿಲ್ಲ. ಹ್ಯಾಂಗಾಗೇದ?"

"ಹಸದಾಗ ಎಲ್ಲಾನೂ ರುಚೀನ," ಎಂದು ರಾಯರು ಜಾರಿಕೊಂಡರು. "ಪಂಥ ಇನ್ನೂ ಇತ್ಯರ್ಥ ಆಗಿಲ್ಲ. ಆ ಹೋಟೆಲ್‌ನವರು ಕಳ್ಳರು, ನಮಗ ತಿನ್ನಾಕ ಬಿಡಲಿಲ್ಲ!"

ಆಕೆಯ ಮುಖ ಸಣ್ಣದಾಯಿತು. ರೊಟ್ಟಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಬೋಪಣ್ಣ ಬಂದ. ರಾಯರು ರಾಜದಂಡದವರ ದರೋಡೆಯನ್ನು ಎರಡೂ ಕೈಯಿಂದ ವರ್ಣಿಸಿದರು. ಬೋಪಣ್ಣ ನಕ್ಕೂ ನಕ್ಕೂ ಕುರ್ಚಿಯಿಂದ ಜಾರಿದ.

"ಅಯ್ಯೋ ರಾಯ್ರೇ! ಎರಡನ್ನೂ ಜೋಡಿಸಿ ಇಟ್ಟರೆ 'ನನ್ನ ಊಟ ಮುಗೀತು, ತಟ್ಟೆ ತಗೊಂಡು ಹೋಗು' ಅಂತ ಅರ್ಥ! ಪಾಪ, ಅವನು ನೀವು ಹೇಳಿದ್ದನ್ನೇ ಮಾಡಿದ್ದಾನೆ!"

ಒಳಗೆ ಚಹಾ ಸೋಸುತ್ತಿದ್ದ ತುಂಗಾಬಾಯಿಯ ಕೈ ನಿಂತಿತು. ಆಕೆ ಅದನ್ನು ಪೂರ್ತಿ ಕೇಳಿಸಿಕೊಂಡಳು.

ಮರುದಿನ ಊಟದ ಹೊತ್ತು. ರಾಯರು ಪಲ್ಯ ಹಚ್ಚಿಕೊಂಡು ಮೊದಲ ತುತ್ತು ಬಾಯಿಗಿಟ್ಟರು. ಓವರ್‌ಟೈಮಿನ ಚಟ ಎಲ್ಲಿ ಬಿಡುತ್ತದೆ? ಎರಡೂ ಕೈ ತಾವಾಗಿಯೇ ಮೇಲೇರಿದವು.

"ತುಂಗಾ, ಪಲ್ಯಾ ಸ್ವಲ್ಪ…"

ತುಂಗಾಬಾಯಿ ಒಳಗೆ ಹೋದಳು. ಎರಡು ಚಮಚ ತಂದಳು, ರಾಯರ ತಾಟಿನಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟಳು, ಸೊಂಟ ಬಗ್ಗಿಸಿ ತಾಟಿಗೆ ಕೈ ಹಾಕಿ ಮೆತ್ತಗೆ ಕೇಳಿದಳು:

"ಮೇ ಐ?"

ರಾಯರ ಎರಡೂ ಕೈ ಧಪ್ಪನೆ ತಾಟಿನ ಮೇಲೆ ಬಿದ್ದವು.

"…ಸ್ವಲ್ಪ ಇನ್ನೂ ಹಾಕು ಅನ್ನಾಂವಿದ್ದೆ, ಮಾರಾಯ್ತೀ! ಛಲೋ ಆಗೇದ!"