ಜಡ್ಜ್ ಸಾರ್ ಕೈ ಹಾಕದ ವಿಷಯಗಳು

ಕತ್ರಿಗುಪ್ಪೆಯ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ನಿವೃತ್ತ ಜಡ್ಜ್ ಒಬ್ಬರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಹಾಗಾಗಿ ಆಗಾಗ ಬೆರಗಾಗಿ ಬಾಯಿ ಬಿಡುವುದು ನನಗೆ ತಪ್ಪಿದ್ದಲ್ಲ. ಆಯಾ ಬ್ಲಾಕಿನ ವಿಷಯ ಆಯಾ ಬ್ಲಾಕ್ ಸಮಿತಿಗೆ ಬಿಟ್ಟದ್ದು, ಮೇಲಿನವರು ಕೈ ಹಾಕಬಾರದು ಎಂಬುದು ಅವರ ಪಟ್ಟು. ಕೋರ್ಟಿನಲ್ಲಿದ್ದಾಗಲೂ ರಾಜ್ಯಗಳ ಅಧಿಕಾರದ ಬಗ್ಗೆ ಹೀಗೇ ತೀರ್ಪು ಬರೆಯುತ್ತಿದ್ದರಂತೆ, ಸರ್ಕಾರ ಯಾವ ಪಕ್ಷದ್ದಾದರೂ.

ನಾಯಿಮರಿ

‘ಎ’ ಬ್ಲಾಕಿನವರು ಲಿಫ್ಟಿನಲ್ಲಿ ನಾಯಿ ಬೇಡ ಎಂದು ನಿರ್ಣಯ ಮಾಡಿದರು. ನಾಲ್ಕನೇ ಮಹಡಿಯ ವಕೀಲರೊಬ್ಬರು ಬ್ಲಾಕಿನ ಸ್ವಾತಂತ್ರ್ಯದ ಮೇಲೆ ಉದ್ದುದ್ದ ಭಾಷಣ ಮಾಡಿ ಅದನ್ನು ಪಾಸು ಮಾಡಿಸಿದ್ದರು. ಅಷ್ಟರಲ್ಲಿ ಅವರ ಮಗಳೇ ಒಂದು ಮರಿ ತಂದಳು. ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಇಳಿದು ಸುಸ್ತಾದ ವಕೀಲರು, ಈಗ ಅಧ್ಯಕ್ಷರೇ ಮಧ್ಯೆ ಬರಬೇಕು ಎಂದು ಸಾರ್ ಮನೆಗೆ ಬಂದರು. ಸಾರ್ ಕಾಫಿ ಕೊಟ್ಟು, ಮರಿಯ ತಲೆ ಸವರಿ, “ನಿಮ್ಮ ಆವತ್ತಿನ ಭಾಷಣ ಸಖತ್ತಾಗಿತ್ತು. ನಾನಂತೂ ಇನ್ನೂ ಅದನ್ನ ಒಪ್ತೀನಿ” ಎಂದರು.

ಸಂಡಿಗೆ

ನಾನೂ ಸಾರೂ ಇರುವ ‘ಬಿ’ ಬ್ಲಾಕಿನ ಸಮಿತಿ, ಟೆರೇಸಿನಲ್ಲಿ ಸಂಡಿಗೆ ಒಣಗಿಸಕೂಡದು ಎಂದಿತು. ಸಾರ್ ಹೆಂಡತಿಗೆ ಸಂಡಿಗೆ ಇಡದ ಬೇಸಿಗೆ ಬೇಸಿಗೆಯೇ ಅಲ್ಲ. ರದ್ದು ಮಾಡಿ ಎಂದು ಪಟ್ಟು ಹಿಡಿದರು. ನಿರ್ಣಯ ಶುದ್ಧ ಅವಿವೇಕ, ಆದರೆ ಅವಿವೇಕ ಮಾಡುವ ಅಧಿಕಾರ ಅವರಿಗಿದೆ, ಬೇಕಾದರೆ ನೀನೇ ಚುನಾವಣೆಗೆ ನಿಲ್ಲು ಎಂದರಂತೆ ಸಾರ್. ಮೇಡಂ ನಿಂತೇಬಿಟ್ಟರು. ಹೋದ ವರ್ಷದ ಸಂಡಿಗೆ ಕರಿದು ಮನೆಮನೆಗೆ ಹಂಚಿ ಗೆದ್ದೂ ಬಿಟ್ಟರು. ಯಾರಿಗೆ ವೋಟು ಹಾಕಿದೆ ಎಂಬುದನ್ನು ಸಾರ್ ಮಾತ್ರ ಇವತ್ತಿಗೂ ಹೆಂಡತಿಗೆ ಹೇಳಿಲ್ಲ.

ಆರಾಮ ಕುರ್ಚಿ

ಮೇಡಂ ಸಮಿತಿ ಮೊದಲ ಸಭೆಯಲ್ಲೇ ಸಂಡಿಗೆಗೆ ಅನುಮತಿ ಕೊಟ್ಟಿತು. ಜೊತೆಗೆ, ಕಾರಿಡಾರಿನಲ್ಲಿ ಯಾರ ಸಾಮಾನೂ ಇರಕೂಡದು ಎಂದಿತು. ಕಾರಿಡಾರಿನಲ್ಲಿ ಇದ್ದದ್ದು ಸಾರ್ ತಂದೆಯ ಕಾಲದ ಆರಾಮ ಕುರ್ಚಿ ಒಂದೇ. ಬೆಳಗಿನ ಪೇಪರು, ಸಂಜೆಯ ಗಾಳಿ ಎಲ್ಲ ಅದರಲ್ಲೇ. ಅದಿಲ್ಲದೆ ಅವರ ದಿನ ಸಾಗುವುದು ಹೇಗೆ ಎಂದು ನನಗೇ ಸಂಕಟವಾಯಿತು. ಅಧ್ಯಕ್ಷರು ನೀವೇ, ಒಂದು ಸಹಿ ಹಾಕಿದರೆ ನಿರ್ಣಯ ಬಿದ್ದುಹೋಗುತ್ತೆ ಎಂದು ಕಿವಿಯಲ್ಲಿ ಹೇಳಿದೆ.

“ನನ್ನ ಕುರ್ಚಿ ಅಂದ ತಕ್ಷಣ ನ್ಯಾಯ ಬೇರೆ ಆಗತ್ತೇನ್ರೀ? ಆ ಕಡೆ ಹಿಡೀರಿ” ಎಂದರು.

ಇಬ್ಬರೂ ಎತ್ತಿ ಒಳಗೆ ತಂದೆವು. ಇಂಥವರೂ ಇರುತ್ತಾರಲ್ಲ ಎಂದು ನಿಜವಾಗಿ ಕೈ ಮುಗಿಯಬೇಕೆನ್ನಿಸಿತು. ಬೇರೆಲ್ಲೂ ಜಾಗವಿಲ್ಲದೆ ಕುರ್ಚಿ ಅಡಿಗೆಮನೆ ಬಾಗಿಲಿಗೆ ಅಡ್ಡ ಕೂತಿತು. ಸಾರ್ ಅದರಲ್ಲಿ ಕಾಲು ಚಾಚಿ ಪೇಪರು ಬಿಡಿಸಿದರು. ಮೇಡಂ ಸೌಟು ಹಿಡಿದು ಬಂದು, ಇಲ್ಲಿ ಬೇಡ, ಎತ್ತಿ ಎಂದರು.

ಸಾರ್ ತಲೆ ಎತ್ತಲಿಲ್ಲ. “ಬ್ಲಾಕ್ ಸಮಿತಿ ಅಧಿಕಾರ ಹೊಸ್ತಿಲ ತನಕ ಕಣೇ. ಮನೆ ಒಳಗಿನ ವಿಷಯಕ್ಕೆ ಮೇಲಿನೋರು ಕೈ ಹಾಕೋ ಹಾಗಿಲ್ಲ.”