ಫೈರ್ ಸ್ಟೇಶನ್ನಿಗೆ ಗಂಡಸ ಸಾಹೇಬ್ರು ಬೇಕಾಗ್ಯಾರ

ಬೆಂಕಿ ದಿನಾ ಹತ್ತೂದಿಲ್ರಿ. ಕಬ್ಬಿನ ಹಂಗಾಮ ಬಿಟ್ರ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ. ಆದ್ರ ನಾ ಈ ಫೈರ್ ಸ್ಟೇಶನ್ನಿನ ಅಧಿಕಾರಿ ಆಗಿ ಬಂದಾಗಿಂದ ನಗೂ ಪ್ರಸಂಗ ಮಾತ್ರ ಒಂದ ದಿನಾನೂ ತಪ್ಪಿಲ್ಲ. ನಗೂನೂ ಬರತೈತಿ, ಸಿಟ್ಟೂ ಬರತೈತಿ. ಯಾವುದು ಮದಲ ಬರತೈತಿ ಅನ್ನೂದು ಅವತ್ತಿನ ಚಹಾದ ಮ್ಯಾಲೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿಂದ ಕರದ್ರೂ ಓಡೂ ಗಾಡಿ ನಮ್ಮದು. ನಾ ಹೆಣ್ಣಮಗಳು. ಇದನ್ನ ಮದಲ ಹೇಳಿಬಿಡ್ತೀನಿ, ಯಾಕಂದ್ರ ಇಲ್ಲಿ ಎಲ್ಲಾರೂ ಮದಲ ಅದನ್ನ ನೋಡ್ತಾರ. ಭುಜದ ಮ್ಯಾಲಿನ ನಕ್ಷತ್ರ ಕಣ್ಣಿಗೆ ಬೀಳೂದು ಆಮ್ಯಾಲೆ.

ಗೋದಾಮಿನ ಮಾಲಕರು

ಬಂದ ಮದಲನೇ ವಾರ. ನಿಪ್ಪಾಣಿ ಕಡೆಯ ಒಬ್ಬ ತಂಬಾಕ ಗೋದಾಮಿನ ಮಾಲಕರು ಬಂದ್ರು. ಬಿಳಿ ಟೊಪಗಿ, ಕೈಯಾಗ ಅರ್ಜಿ. ಗೋದಾಮಿನ ತಪಾಸಣಿಗೆ ಯಾವತ್ತ ಬರ್ತೀರಿ ಅಂತ ಕೇಳೂದಿತ್ತು.

"ಸಾಹೇಬ್ರು ಎಲ್ಲದಾರ್ರಿ?"

"ನಾನ ರಿ. ಕುಂಡ್ರಿ."

ಕುಂತ್ರು. ಸ್ವಲ್ಪ ಹೊತ್ತಾದ ಮ್ಯಾಲೆ, ನನಗ ಕನ್ನಡ ತಿಳಿಯೂದಿಲ್ಲೋ ಏನೋ ಅಂತ ಮರಾಠ್ಯಾಗ ಕೇಳಿದ್ರು, "ಸಾಹೇಬ ಕುಠೇ ಆಹೇತ?"

"ಮೀಚ್ ಸಾಹೇಬ," ನಾನ ಸಾಹೇಬ್ರು ಅಂತ ನಾನೂ ಮರಾಠ್ಯಾಗನ ಅಂದೆ.

"ಹೋ, ಹೋ," ಅಂತ ತಲಿ ಅಲ್ಲಾಡಿಸಿ ಮತ್ತ ಬಾಗಲಾ ನೋಡಕೋತ ಕುಂತ್ರು. ಅಷ್ಟರಾಗ ನಮ್ಮ ಡ್ರೈವರ್ ಒಳಗ ಬಂದ. ಅವನಕಿಂತ ಎರಡ ಹೆಜ್ಜಿ ಮುಂದ ಅವನ ಮೀಸಿ ಬರ್ತಾವ. ಮಾಲಕರು ದಡಕ್ಕನ ಎದ್ದು ಕೈ ಮುಗದು, ಗೋದಾಮಿನ ಪೂರಾ ಕಥಿ ಅವನ ಮುಂದ ಒಪ್ಪಿಸಿದ್ರು. ಅವ ಎಲ್ಲಾ ಕೇಳಿಕೊಂಡು, ನನ್ನ ಕಡೆ ತಿರುಗಿ ಸೆಲ್ಯೂಟ್ ಹೊಡದು, "ಏನ ಮಾಡೂನ್ರಿ ಮೇಡಂ?" ಅಂದ.

ನಾ ಅರ್ಜಿ ಇಸಗೊಂಡು, ಗುರುವಾರ ಮುಂಜಾನೆ ಹತ್ತಕ್ಕ ಅಂತ ಬರದು, ಸಹಿ ಮಾಡಿ, ಶಿಕ್ಕಾ ಹೊಡದು ಕೊಟ್ಟೆ. ಮಾಲಕರು ಕಾಗದ ಹಿಂದ ಮುಂದ ಮಾಡಿ ನೋಡಿ ಅಗದಿ ಖುಷಿ ಆದ್ರು.

"ಭಾಳ ಚೊಲೋ ಆತ್ರಿ ಅಕ್ಕಾರ. ಸಾಹೇಬ್ರು ಬರೂದ್ರಾಗ ಕೆಲಸಾನ ಮುಗೀತು!"

ಮದಲನೇ ಅರ್ಜಿ

ಕಾಗವಾಡ ಕಡೆ ಹೊಳಿದಂಡಿ ಮ್ಯಾಲೆ ಒಂದ ಊರು. ಅಲ್ಲಿ ಒಬ್ಬ ಹಿರೇರು. ಊರೆಲ್ಲಾ ಅವರಿಗೆ ಕಾಕಾ ಅಂತೈತಿ, ನಾನೂ ಹಂಗ ಅಂತೀನಿ. ನಾ ಬಂದ ಸುದ್ದಿ ಕೇಳಿದ್ದ ತಡ, ನನ್ನ ಮಾರಿ ಸೈತ ನೋಡದ, ಕಾಕಾ ಬೆಳಗಾವಿಗೆ ಅರ್ಜಿ ಕಳಿಸಿದ್ರು. "ಸದರಿ ಅಧಿಕಾರಿಣಿಯವರು ಹೆಣ್ಣುಮಗಳಾಗಿದ್ದು, ಧ್ವನಿ ಮೃದುವಾಗಿರುತ್ತದೆ. ಗಂಡಸರು ಇವರ ಮಾತು ಕೇಳಲಾರರು. ಕಾರಣ ನಮ್ಮ ಭಾಗಕ್ಕೆ ಗಂಡಸು ಸಾಹೇಬರನ್ನು ಕೊಡಬೇಕಾಗಿ ವಿನಂತಿ."

ಬೆಳಗಾವಿ ದೊಡ್ಡ ಸಾಹೇಬ್ರು ಫೋನ್ ಮಾಡಿ ಅದನ್ನ ಓದಿ ಹೇಳಿದ್ರು. "ನೋಡ್ರಿ ಮೇಡಂ, ಇದನ್ನ ಫೈಲಿಗೆ ಹಾಕ್ತೀನಿ. ಆದ್ರ ಇನ್ನೊಂದ ಅರ್ಜಿ ಬಂತಂದ್ರ ನನ್ನ ಕೈಯಾಗೂ ಇರೂದಿಲ್ಲ. ನಿಮ್ಮನ್ನ ಇಲ್ಲಿ ಆಫೀಸಿನ ಟೇಬಲ್ಲಿಗೆ ಕರಸ್ಕೋಬೇಕಾಗ್ತೈತಿ."

ನನ್ನ ಮೈಯೆಲ್ಲಾ ಉರೀತು. ಧ್ವನಿ ಮೃದು ಅಂತ ನಂದು! ತರಬೇತ್ಯಾಗ ಗಂಡಸರು ಹತ್ತಿದ ಏಣಿನ ನಾನೂ ಹತ್ತೀನಿ, ಅವರು ಹೊತ್ತ ಪೈಪ್‌ನ ನಾನೂ ಹೊತ್ತಕೊಂಡು ಓಡೀನಿ. ಏಣಿ ಏನ ಅರ್ಧಾ ಗಿಡ್ಡ ಮಾಡಿ ಕೊಟ್ಟಿದ್ರಾ ನನಗ? ಟೇಬಲ್ಲಿಗೆ ಹೋಗೂದಿದ್ರ ಈ ಖಾಕಿ ಯಾಕ ಹಾಕತಿದ್ನಿ?

ಇಷ್ಟೆಲ್ಲಾ ಫೋನ್ ಇಟ್ಟ ಮ್ಯಾಲೆ ಅಂದೆ. ಅದೂ ಎಷ್ಟ ಜೋರಾಗಿ ಅಂದ್ರ, ಹೊರಗ ಗಾಡಿ ತೊಳ್ಯಾಕತ್ತಿದ್ದ ಡ್ರೈವರ್ ಬಕೀಟ ಕೈಬಿಟ್ಟ. "ಮೇಡಂ, ಧ್ವನಿ ಮೃದು ಅಂತ ಬರದವರು ಯಾರ್ರಿ?"

ಸಣ್ಣ ಬೆಂಕಿ

ಉಗಾರ ಬುದ್ರುಕ ಕಡೆಯಿಂದ ಫೋನ್. ನಾನ ಎತ್ತಿದೆ.

"ಅಕ್ಕಾರ, ಬಣವಿಗೆ ಬೆಂಕಿ ಹತ್ತೇತ್ರಿ. ಸಾಹೇಬ್ರಿಗೆ ಕೊಡ್ರಿ ಫೋನ್."

"ನಾನ ಸಾಹೇಬ್ರು. ಎಲ್ಲಿ, ಹೇಳ್ರಿ."

ಆ ಕಡೆಯಂವ ಭಾಳ ಮರ್ಯಾದಿಲೆ ಅಂದ, "ಹಂಗಾರ ಇರ್ಲಿ ಬಿಡ್ರಿ ಅಕ್ಕಾರ. ನಿಮಗ್ಯಾಕ ತ್ರಾಸ? ಬೆಂಕಿ ಸಣ್ಣದೈತಿ."

ಫೋನ್ ಇಟ್ಟ. ನಾ ಸುಮ್ನಿರಲಿಲ್ಲ, ಹೊಗಿ ಕಂಡ ಕಡೆ ಹೋದ್ರಾತು ಅಂತ ಗಾಡಿ ಹೊರಡಿಸಿದೆ. ಅರ್ಧಾ ದಾರ್ಯಾಗ ನಮ್ಮ ಸ್ಟೇಶನ್ನಿನವರು ವೈರ್‌ಲೆಸ್ಸಿನ್ಯಾಗ ಹೇಳಿದ್ರು, "ಮೇಡಂ, ಅದ ಮನಶಾ ಮತ್ತ ಫೋನ್ ಮಾಡ್ಯಾನ. ಬೆಂಕಿ ದೊಡ್ಡದಾಗೈತಿ, ಈಗ ಆ ಅಕ್ಕಾರನ್ನ ಕಳಸಿದ್ರೂ ನಡೀತೈತಿ ಅಂದಾನ."

ಎಮ್ಮಿ, ಪೇಟಾ, ಉಡಿ

ಅಲಖನೂರದಾಗ ಬಾವ್ಯಾಗ ಎಮ್ಮಿ ಬಿದ್ದಿತ್ತು. ಹೋಗೂದ್ರಾಗ ಅರ್ಧಾ ಊರ ಬಾವಿ ಸುತ್ತ ನಿಂತಿತ್ತು. ನಾ ಹಗ್ಗಾ ಸೊಂಟಕ್ಕ ಕಟ್ಟಿಕೊಂಡು ಇಳ್ಯಾಕ ತಯಾರಾದೆ. ಎಮ್ಮಿ ಮಾಲಕ ನಮ್ಮ ಮಂದಿ ಮ್ಯಾಲೆ ಹರಿಹಾಯ್ದ, "ಏ, ಇಷ್ಟ ಗಂಡಸರ ನಿಂತೀರಿ, ಹೆಣ್ಣಮಗಳನ್ನ ಬಾವ್ಯಾಗ ಇಳಸ್ತೀರೇನ್ರೋ?"

"ನಿಮ್ಮ ಎಮ್ಮಿನೂ ಹೆಣ್ಣ ಐತಿ," ಅಂದೆ. "ಅದು ಯಾರನ್ನೂ ಕೇಳದನ ಇಳದೈತಿ."

ಇಳದು, ಹೊಟ್ಟಿ ಕೆಳಗ ಪಟ್ಟಾ ಹಾಕಿ, ಒಂದ ತಾಸಿನ್ಯಾಗ ಎಮ್ಮಿನ ಮ್ಯಾಲೆ ತಂದ್ವಿ. ಅದು ಮ್ಯಾಲೆ ಬಂದದ್ದ ತಡ ನಮ್ಮ ಮಂದ್ಯಾಗ ಒಬ್ಬನ್ನ ಒದ್ದು, ಹಸಿರ ಮೇವಿಗೆ ಬಾಯಿ ಹಾಕ್ತು.

ಊರವರು ಸತ್ಕಾರಕ್ಕ ಗುಲಾಲಿ ಪೇಟಾ ಸುತ್ತಿ ತಯಾರ ಇಟ್ಟಿದ್ರು. ಈಗ ಅದನ್ನ ಯಾರ ತಲಿಗೆ ಇಡೂದು? ಹೆಣ್ಣಮಗಳಿಗೆ ಪೇಟಾ ಹೆಂಗ ಅಂತ ಒಬ್ಬರ ಮಾರಿ ಒಬ್ಬರು ನೋಡಿದ್ರು. ಪೇಟಾ ಮೆಲ್ಲಕ ಡ್ರೈವರನ ಕಡೆ ಹೊಂಟಿತು. ಅಷ್ಟರಾಗ ಎಮ್ಮಿ ಮಾಲಕನ ಮನೀ ಆಯಿ ಅಕ್ಕಿ, ಕಾಯಿ, ಖಣಾ ಹಿಡಕೊಂಡು ಬಂದ್ಲು. "ಹೆಣ್ಣಮಗಳು ಮನಿ ತನಕಾ ಬಂದಾಳ, ಉಡಿ ತುಂಬದ ಕಳಸೂದಿಲ್ಲ. ಸೆರಗ ಹಿಡಿ, ಮಗಳ."

ಪ್ಯಾಂಟಿಗೆ ಎಲ್ಲಿ ಸೆರಗರಿ? ನಾ ಹೆಲ್ಮೆಟ್ ತಗದು ಮುಂದ ಹಿಡದೆ. ಆಯಿ ಒಂದ ಗಳಿಗಿ ನೋಡಿ, "ಗಟ್ಟಿ ಐತಿ, ಚೊಲೋ ಆತು," ಅಂತ ಪೂರಾ ತುಂಬಿದ್ಲು. ತಲಿ ಬರಿದಾಗಿತ್ತಲ್ಲ, ಪೇಟಾನೂ ತರಿಸಿ ನಾನ ಇಟ್ಟಕೊಂಡೆ. ಎರಡೂ ನಂದ. ಬಾವ್ಯಾಗ ಇಳದಾಕಿ ನಾನು.

ಹೊಳ್ಳಿ ಬರೂದ್ರಾಗ ದಾರ್ಯಾಗ ಹುಲ್ಲಿಗೆ ಬೆಂಕಿ ಅಂತ ಕರಿ ಬಂತು. ಪೇಟಾ, ಕಾಯಿ, ಖಣಾ ತಗದಿಟ್ಟು, ಅವಸರದಾಗ ಹೆಲ್ಮೆಟ್ ಹಂಗ ಬೋರಲ ಹಾಕ್ಕೊಂಡೆ. ಅಕ್ಕಿ ಎಲ್ಲಾ ತಲಿ ಮ್ಯಾಲಿಂದ ಝರ್ರಂತ ಇಳೀತು.

"ಅಕ್ಷತಿ ಬಿತ್ತಲ್ರಿ ಮೇಡಂ," ಅಂದ ಡ್ರೈವರ್. "ಇನ್ನೊಮ್ಮೆ ಲಗ್ನ ಆತು."

"ಯಾರ ಸಂಗಾಟೋ?"

"ಈ ಗಾಡಿ ಸಂಗಾಟ ರಿ. ಮನ್ಯಾನ ಸಾಹೇಬ್ರಿಗೆ ನಾ ಹೇಳೂದಿಲ್ಲ ತಗೋರಿ."

ಎರಡನೇ ಅರ್ಜಿ

ಕಾಕಾನ ಊರಾಗ ಮಟಮಟ ಮಧ್ಯಾಹ್ನ ಕಬ್ಬಿಗೆ ಬೆಂಕಿ ಹತ್ತಿತು. ನಾವು ಮುಟ್ಟೂದ್ರಾಗ ಹೊಲದ ದಾರಿ ತುಂಬ ಬೈಕು, ಬದುವಿನ ಮ್ಯಾಲೆಲ್ಲಾ ಮಂದಿ. ಎಲ್ಲಾದಕಿಂತ ಎತ್ತರದ ಬದುವಿನ ಮ್ಯಾಲೆ ಕಾಕಾ. "ಇಲ್ಲಿ ಹೊಡೀರಿ, ಅಲ್ಲಿ ಹೊಡೀರಿ" ಅಂತ ನನ್ನ ಮಂದಿಗೆ ಅವರ ಹುಕುಂ.

ದಾರ್ಯಾಗ ಅಡ್ಡ ನಿಂತಿದ್ದು ಕಾಕಾನ ಅಳಿಯಂದು ಹೊಸಾ ಬೈಕು. ಎರಡ ಸಲ ಕೂಗಿದೆ, ಯಾರೂ ತಗೀಲಿಲ್ಲ. ಕಾಲವಿಗೆ ನೂಕಿಸಿ ಗಾಡಿ ಒಳಗ ಹೊಡಿಸಿದೆ. ಗಾಳಿ ಕಾಕಾನ ಕಬ್ಬಿನ ಕಡೆನ ಬೀಸಾಕತ್ತಿತ್ತು. "ನಾಕ ಸಾಲ ಕಡೀರಿ, ನಡುವ ದಾರಿ ಬಿಡಸ್ರಿ!" ಅಂತ ಚೀರಿದೆ.

"ಏ, ಅದು ನನ್ನ ಕಬ್ಬ!" ಅಂತ ಕಾಕಾ ಓಡಿ ಬಂದ್ರು.

"ಕಡದ್ರ ನಾಕ ಸಾಲ ಹೋಗ್ತಾವ, ಬಿಟ್ರ ಪೂರಾ ಹೋಗ್ತೈತಿ. ಸುಮ್ಕ ಈ ಪೈಪ್ ಹಿಡೀರಿ ಕಾಕಾ. ಬಿಟ್ರ ನೋಡ್ರಿ ಮತ್ತ!"

ಪೈಪ್ ಅವರ ಹೆಗಲಿಗೆ ಏರಿಸೇಬಿಟ್ಟೆ. ಕಾಕಾ ರಾಡ್ಯಾಗ ಒಂದ ಚಪ್ಪಲಿ ಕಳಕೊಂಡು, ಇನ್ನೊಂದರಾಗ ಕುಂಟಕೋತ ಕಡೀತನಾ ಹಿಡದ್ರು. ಬೆಂಕಿ ಆರಿತು. ಎಂಟ ದಿನಕ್ಕ ಎರಡನೇ ಅರ್ಜಿ ಬೆಳಗಾವಿ ಮುಟ್ಟಿತು.

ದೊಡ್ಡ ಸಾಹೇಬ್ರು ಎರಡೂ ಕಾಗದ ಹಿಡಕೊಂಡು ಖುದ್ದ ನಮ್ಮ ಸ್ಟೇಶನ್ನಿಗೆ ಬಂದ್ರು, ಕಾಕಾನೂ ಕರಸಿದ್ರು. ನಮ್ಮ ಮಂದಿ ಮಾರಿ ಸಪ್ಪಗ ಮಾಡಿ ಗ್ವಾಡಿಗೆ ನಿಂತಿದ್ರು. ಮೀಸಿ ಡ್ರೈವರನ ಕಣ್ಣಾಗ ನೀರ ತುಂಬಿದ್ವು. ನನಗೂ ಅಂಜಿಕಿ ಆಗಿತ್ತು, ಸುಳ್ಯಾಕ ಹೇಳ್ಲಿ?

ಸಾಹೇಬ್ರು ಓದಿದ್ರು. "ಸದರಿ ಅಧಿಕಾರಿಣಿಯವರ ಧ್ವನಿ ಅತೀ ಜೋರಾಗಿದ್ದು, ಹಿರಿಯರು ಕಿರಿಯರೆನ್ನದೆ ಎಲ್ಲರಿಗೂ ಹುಕುಂ ಮಾಡುತ್ತಾರೆ. ಇವರ ಮಾತು ಮೀರಲು ಊರಿನ ಯಾವ ಗಂಡಸಿಗೂ ಧೈರ್ಯ ಸಾಲದು."

ಕನ್ನಡಕ ತಗದು ಕೇಳಿದ್ರು, "ಕಾಕಾ, ಎರಡೂ ನಿಮ್ಮ ಸಹಿನ. ಯಾವುದು ಖರೆ?"

"ಎರಡೂ ಖರೆ ರಿ," ಅಂದ್ರು ಕಾಕಾ. "ಮದಲಿಂದು ಆಕಿನ್ನ ನೋಡೂಕಿಂತ ಮದಲ ಬರದದ್ದು."

ನನಗ ತಡಿಯಾಕ ಆಗಲಿಲ್ಲ. "ಸಾಹೇಬ್ರ, ಉರಿಯೂ ಕಬ್ಬಿನ ಮುಂದ ನಿಂತು ಸಣ್ಣ ದನಿಲೆ ಮಾತಾಡಾಕ ನನಗ ಬರೂದಿಲ್ಲ. ನಾಳೆ ಹತ್ತಿದ್ರೂ ಹಿಂಗ ಚೀರ್ತೀನಿ. ಟೇಬಲ್ಲಿಗೆ ಹಾಕೂದಿದ್ರ ಹಾಕ್ರಿ, ಮಾಫಿ ಮಾತ್ರ ಕೇಳಂಗಿಲ್ಲ."

ಸಾಹೇಬ್ರು ಪೆನ್ ತಗದ್ರು. "ಆತು. ಕಾಕಾ, ಇವತ್ತ ಇವರನ್ನ ವರ್ಗಾ ಮಾಡ್ತೀನಿ. ಮಾಡ್ಲಿ?"

ಕಾಕಾ ಗಾಬರಿ ಆದ್ರು. "ಮಾಡ್ರಿ, ಮಾಡ್ರಿ... ಆದ್ರ ಇವತ್ತ ಬ್ಯಾಡ್ರಿ. ಅರ್ಧಾ ಕಬ್ಬ ಇನ್ನೂ ಹೊಲದಾಗ ಐತಿ. ಹಂಗಾಮ ಮುಗೀಲಿ."

"ಹಂಗಾಮ ಮುಗದ ಮ್ಯಾಲೆ ಮಾಡ್ಲಿ?"

"ಆವಾಗ ಬ್ಯಾಸಗಿ ರಿ. ಬಣವಿ ಇರ್ತಾವಲ್ಲ."

"ಬ್ಯಾಸಗಿ ಆದ ಮ್ಯಾಲೆ?"

"ಮಳಿಗಾಲದಾಗ ಹೊಳಿ ಬರ್ತೈತ್ರಿ ಸಾಹೇಬ್ರ. ದೋಣಿ ತಗೊಂಡು ಬರವರು ಯಾರು?"

"ಮಳಿಗಾಲ ಆದ ಮ್ಯಾಲೆ?"

"ಹಾಂ, ಆವಾಗ ಮಾಡ್ರಿ!" ಅಂತ ಕಾಕಾ ಬೆರಳ ಮಡಚಿದ್ರು. ಅಲ್ಲೇ ನಿಂತ್ರು. "ತಡೀರಿ, ತಡೀರಿ. ಆವಾಗ ಮತ್ತ ಕಬ್ಬಿನ ಹಂಗಾಮ ಸುರು ಆಗ್ತೈತಿ."

ಸಾಹೇಬ್ರು ನಕ್ಕೋತ ಪೆನ್ ಕಿಸೇದಾಗ ಇಟ್ಟು ಜೀಪ ಹತ್ತಿದ್ರು. ಕಾಕಾ ಹೊಸಾ ಚಪ್ಪಲಿ ಮೆಟ್ಟಿಕೊಂಡು, ಬಾಗಲದಾಗ ನಿಂತು ನನಗ ಬೆರಳ ತೋರಿಸಿದ್ರು. "ಮೂರನೇದು ಬರೀತೀನಿ ನೋಡ್ರಿ ಮೇಡಂ. ಹಂಗ ಬಿಡೂದಿಲ್ಲ."

"ಬರೀರಿ ಕಾಕಾ," ಅಂದೆ. "ನಾ ಎಲ್ಲಿ ಹೋಗ್ಲಿ? ನೀವ ಬಿಡವಲ್ರಿ."