ಒಂದೇ ಸಲ ಕರೆಯುವ ಕಾಕಾ

ನಮ್ಮ ಕಾಕಾನಷ್ಟು ಜಿಪುಣರು ಜೇವರ್ಗಿಯಲ್ಲಿ ಇನ್ನೊಬ್ಬರಿಲ್ಲ. ದುಡ್ಡಿನಲ್ಲಲ್ಲ, ಮಾತಿನಲ್ಲಿ! ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳಿದರೆ ಅವರ ಗಂಟೇನು ಹೋಗುತ್ತದೋ ದೇವರೇ ಬಲ್ಲ.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆಯಲ್ಲಿ ಒಬ್ಬರೇ ಇದ್ದುಕೊಂಡು ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಾರೆ. ಮದುವೆಯಾಗಲಿಲ್ಲ. ಹೆಣ್ಣಿನ ಕಡೆಯವರು "ವಿಚಾರ ಮಾಡಿ ಹೇಳ್ತೀವ್ರಿ" ಎಂದರಂತೆ, ಇವರು ಮತ್ತೆ ಕೇಳಲೇ ಇಲ್ಲ.

ಅಫಜಲಪುರದ ಗೊಬ್ಬರದಂಗಡಿಯೊಂದಕ್ಕೆ ಇವರು ಮಾಡಿಕೊಟ್ಟದ್ದು ಪರದೆಯ ಮೇಲೆ ಗಿಡದ ಹಾಗೆ ಕವಲೊಡೆಯುವ ಪಟ್ಟಿ. 'ಬೀಜ' ತೆರೆದರೆ ಒಳಗೆ ತೊಗರಿ, ಜೋಳ, ಹತ್ತಿ. ಲೋಕದಲ್ಲೆಲ್ಲ ಒಮ್ಮೆ ಕ್ಲಿಕ್ ಮಾಡಿದರೆ ಹೆಸರು ಆಯ್ಕೆಯಾಗುತ್ತದೆ, ಎರಡು ಸಲ ಮಾಡಿದರೆ ಕವಲು ತೆರೆಯುತ್ತದೆ. ಕಾಕಾ ಒಂದಕ್ಕೇ ತೆರೆಯುವಂತೆ ಮಾಡಿದ್ದರು. ಅಂಗಡಿಯವರು ರೂಢಿಯಂತೆ ಎರಡು ಸಲ ಒತ್ತಿದರು. ಮೊದಲನೆಯದಕ್ಕೆ ತೆರೆದದ್ದು ಎರಡನೆಯದಕ್ಕೆ ಮುಚ್ಚಿಕೊಂಡಿತು. ಫೋನು ಬಂತು.

"ನಿಮ್ಮ ಗಿಡಾ ನನ್ನ ಮಾರಿ ನೋಡಿ ಬಾಗಲಾ ಹಾಕ್ಕೋತದ್ರಿ."

"ಒಮ್ಮೆ ಬಡದ್ರ ಸಾಕ್ರಿ. ಅದಕ್ಕೇನ ಕಿವಿ ಕೇಳಂಗಿಲ್ಲೇನು?"

"ಬರೇ ಹೆಸರ ಆರಿಸಬೇಕಂದ್ರ?"

"ಆರಿಸಿದ ಮ್ಯಾಲ ತೆರೀಲಿಕ್ಕ ಯಾಕ ಹಿಂದ ಮುಂದ ನೋಡ್ತೀರಿ?"

ಅಂಗಡಿಯವರು ಬೇರೆಯವರನ್ನು ನೋಡಿಕೊಂಡರು.

ನಮ್ಮ ಕಡೆಯ ಮರ್ಯಾದೆ ಗೊತ್ತಲ್ಲ? ಊಟಕ್ಕೆ ಕರೆದರೆ ಮೊದಲು "ಬ್ಯಾಡ್ರಿ, ಈಗರ ಊಟಾ ಆಗೇದ" ಅನ್ನಬೇಕು. ಹೊಟ್ಟೆ ತಾಳ ಹಾಕುತ್ತಿದ್ದರೂ ಅನ್ನಬೇಕು. ಎರಡನೇ ಸಲ ಕೈ ಹಿಡಿದು ಎಳೆದಾಗ ಕೂಡಬೇಕು. ಕಾಕಾ ಎಳೆಯುವವರಲ್ಲ. "ಛಲೋ ಆತು" ಎಂದು ಒಬ್ಬರೇ ಉಣ್ಣುತ್ತಾರೆ. ನಾನಿರುವ ಆಳಂದದಿಂದ ಅವರನ್ನು ನೋಡಲು ಹೋದಾಗಲೆಲ್ಲ ನಾನು ಹಸಿದುಕೊಂಡೇ ಹೊರಬಿದ್ದು, ಬಸ್ ಸ್ಟ್ಯಾಂಡಿನಲ್ಲಿ ಭಜಿ ತಿನ್ನುತ್ತ ಅವರನ್ನು ಬೈದುಕೊಂಡಿದ್ದೇನೆ.

ಕಳೆದ ಸಲ ಹೋದಾಗ ಮಧ್ಯಾಹ್ನವಾಗಿತ್ತು. "ಉಣ್ತಿ ಏನು?" ಎಂದರು. 'ಬ್ಯಾಡ' ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರು ನನ್ನ ಉತ್ತರಕ್ಕೂ ಕಾಯದೆ, ಆಗಲೇ ಒಬ್ಬರಿಗಾಗುವಷ್ಟೇ ರೊಟ್ಟಿ ತೆಗೆಯುತ್ತಿದ್ದರು. ಇಷ್ಟು ವರ್ಷ ಈ ಮನುಷ್ಯ ಕೇಳಿಸಿಕೊಂಡದ್ದೆಲ್ಲ ಬರೀ 'ಬ್ಯಾಡ'ವೇ ಎನಿಸಿತು.

"ಹೂಂ ಕಾಕಾ, ಹಸಿವಾಗೇದ."

ಕಾಕಾ ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಗೋಡೆಯ ಮಾಡದಲ್ಲಿ ಹುಡುಕಿದರು, ಮಂಚದ ಕೆಳಗೂ ಹುಡುಕಿದರು. ಮನೆಯಲ್ಲಿದ್ದದ್ದು ಒಂದೇ ತಾಟು. ಅದನ್ನು ತೊಳೆದು, ಒರೆಸಿ, ನನ್ನ ಮುಂದಿಟ್ಟು, ತಾವು ಪಾತ್ರೆಯ ಮುಚ್ಚಳದಲ್ಲಿ ರೊಟ್ಟಿ ಹಾಕಿಕೊಂಡು ಕೂತರು.

ಸ್ವಲ್ಪ ಹೊತ್ತು ಉಂಡೆವು.

"ತಾಟ ಇನ್ನೊಂದ ತರ್ತೇನಿ," ಎಂದರು ತಲೆ ಎತ್ತದೆ, "ನೀ ಮತ್ತ ಬರ್ತಿ ಅಂದ್ರ."